ಇಪ್ಪತ್ತೊಂದರಲ್ಲಿ ಏಳು

೪ ಫೆಬ್ರವರಿ

ಅಕ್ಕಾ,

ಮೊದಲು ನಿನ್ನ ಕೆಲಸದ ತಾರೀಖಿನ ಹಾಳೆಗೆ ಬೆಂಕಿ ಹಾಕು, ಆಮೇಲೆ ಈ ಕಾಗದ ಓದು. ಫೋನಿನಲ್ಲೇ ಹೇಳೋಣವೆಂದರೆ ಎರಡನೇ ನಿಮಿಷಕ್ಕೆ ಇಬ್ಬರೂ ಕಿರುಚಾಡಲು ಶುರು ಮಾಡುತ್ತೇವೆ. ಹಾಗಾಗಿ ನಕ್ಷೆಗಳ ಚೀಲದಲ್ಲೇ ಇದನ್ನೂ ತುರುಕಿದ್ದೇನೆ. ವ್ಯಾನಿನವನು ನಾಳೆ ಬೆಳಿಗ್ಗೆ ನಿನ್ನ ಆಫೀಸಿನ ಮೇಜಿಗೆ ತಂದು ಹಾಕುತ್ತಾನೆ.

ಇವತ್ತು ಐದನೇ ಮಹಡಿಯಲ್ಲಿ ರಕ್ತ ಹರಿಯಿತು. ನಿನ್ನ ಹಾಳೆಯ ಪ್ರಕಾರ ಇವತ್ತು ಅಲ್ಲಿ ನನ್ನ ಸೆಂಟ್ರಿಂಗ್ ಗ್ಯಾಂಗು ಚಾವಣಿಯ ಕಾಂಕ್ರೀಟಿಗೆ ಆಸರೆಯ ಹಲಗೆ ಹೊಡೆಯಬೇಕು. ನಿನ್ನದೇ ಹಾಳೆಯ ಪ್ರಕಾರ ಇವತ್ತೇ, ಅಲ್ಲೇ, ಕಂಬಿ ಮೇಸ್ತ್ರಿಯ ಗ್ಯಾಂಗು ಕಂಬಿ ಕಟ್ಟಬೇಕು. ಹಲಗೆಯೇ ಇಲ್ಲದೆ ಕಂಬಿ ಎಲ್ಲಿ ಹಾಸುತ್ತಾರೆ, ನಿನ್ನ ತಲೆಯ ಮೇಲಾ? ಎರಡು ಗ್ಯಾಂಗು, ಮೂವತ್ತು ಜನ, ಒಂದೇ ಮೆಟ್ಟಿಲು. ಕಂಬಿ ಮೇಸ್ತ್ರಿ ಹಾಳೆ ಬಿಡಿಸಿ, "ನೋಡೋ, ಇವತ್ತಿನ ತಾರೀಖು ನಂದು, ಜಾಗ ಬಿಡು" ಅಂದ. ನಾನೂ ನನ್ನ ಹಾಳೆ ಬಿಡಿಸಿದೆ. "ಇದು ನಮ್ಮಕ್ಕ ಬರ್ದಿರೋದು ಕಣಯ್ಯಾ, ನನಗೇ ಪಾಠ ಹೇಳ್ತೀಯಾ?" ಅಂದೆ. ಅವನು ನಿನ್ನ ಬಗ್ಗೆ ಒಂದು ಮಾತು ಆಡಿದ. ಅದನ್ನು ಬರೆಯುವುದಿಲ್ಲ. ನಾನು ಕೈ ಎತ್ತುವ ಮೊದಲೇ ನಮ್ಮ ಮೊಳೆ ನುಗ್ಗಿಬಿಟ್ಟ.

ಮೊಳೆಯ ವಿಷಯ ಹೇಳಿದ್ದೆನಲ್ಲ, ನನ್ನ ಗ್ಯಾಂಗಿನ ಬಡಗಿ, ಕಡ್ಡಿಯಂಥ ಆಳು. ಯಾವಾಗಲೂ ಬಾಯಿ ತುಂಬ ಮೊಳೆ ಕಚ್ಚಿಕೊಂಡಿರುತ್ತಾನೆ, ದಿನಕ್ಕೆ ನಾಲ್ಕು ಮಾತು ಆಡಿದರೆ ಹೆಚ್ಚು. ಅವನ ಬಾಯಿಗೇ ಕಬ್ಬಿಣದ ತುಂಡು ಬೀಸಿದರು. ಮುಂದಿನ ಎರಡು ಹಲ್ಲು ಹೋದವು, ಎರಡು ಮೊಳೆ ಕೆನ್ನೆ ತೂರಿ ಹೊರಗೆ ಬಂದವು. ನಾನೇ ಇಕ್ಕಳ ಹಿಡಿದು ಕಿತ್ತೆ. ಅಳಲಿಲ್ಲ ಮಹಾರಾಯ. ರಕ್ತ ಉಗಿದು, "ಇನ್ನು ಮೊಳೆ ಇಟ್ಕೊಳ್ಳೋಕೆ ಜಾಗ ಸಲೀಸಾಯ್ತು ಬಿಡಿ ಮೇಸ್ತ್ರಿ" ಅಂದ. ಇವತ್ತಿನ ಪಾಲಿನ ಮಾತು ಅವನಿಗೆ ಅಲ್ಲಿಗೆ ಮುಗಿಯಿತು.

ಹಾಳೆಯಲ್ಲಿ ಹೆಚ್ಚಿನ ದಿನ ಬಚ್ಚಿಡಲು ಬರುವವಳಿಗೆ ಜನ ಬಡಿದಾಡದ ಹಾಗೆ ದಿನ ಹಂಚಲು ಬರುವುದಿಲ್ಲವಾ? ಕಾಂಕ್ರೀಟ್ ಬಿದ್ದ ಮೇಲೆ ಸೆಂಟ್ರಿಂಗ್ ಆಸರೆ ಬಿಚ್ಚಲು ನೀನು ಇಪ್ಪತ್ತೊಂದು ದಿನ ಎಂದು ಬರೆದ ಕಡೆಯೆಲ್ಲ ನಾನು ಹದಿನಾಲ್ಕು ಎಂದೇ ಓದುತ್ತೇನೆ. ನಾಲ್ಕು ಮಹಡಿ ಹಾಗೇ ಬಿಚ್ಚಿದ್ದೇನೆ, ಕೂದಲೆಳೆಯಷ್ಟು ಬಿರುಕೂ ಇಲ್ಲ. ಅಷ್ಟು ಲೆಕ್ಕ ಗೊತ್ತಿರುವವಳು ಇಂಥ ಎಡವಟ್ಟು ಹೇಗೆ ಮಾಡಿದೆ?

ಆ ಕಂಬಿ ಮೇಸ್ತ್ರಿಯ ಕೈ ಮುರಿಯದಿದ್ದರೆ ನಾನು ನಿನ್ನ ತಮ್ಮನೇ ಅಲ್ಲ.

ಸದ್ಯಕ್ಕಂತೂ
ನಿನ್ನ ತಮ್ಮ


೭ ಫೆಬ್ರವರಿ

ಲೋ ಮುಂಗೋಪಿ,

ತಪ್ಪು ನನ್ನದೇ. ಒಪ್ಪಿಕೊಂಡೆ. ನೀವು ಕಟ್ಟುತ್ತಿರುವ ಆಸ್ಪತ್ರೆ ತೆರೆಯುವ ದಿನವನ್ನು ಮೇಲಿನವರು ಹನ್ನೊಂದು ದಿನ ಮುಂಚೆಗೆ ಎಳೆದರು. ನನ್ನ ಗೋಡೆಯ ಮೇಲೆ ಒಂಬತ್ತು ಮಹಡಿಗೆ ಆರುನೂರ ಹನ್ನೆರಡು ಗೆರೆಗಳಿವೆ. ಒಂದನ್ನು ಜರುಗಿಸಿದರೆ ಹಿಂದಿನ ನಲವತ್ತು ಜರುಗಬೇಕು. ಕಂಬಿಯ ಗೆರೆ ಜರುಗಿಸಿದೆ, ಹಲಗೆಯದು ಮರೆತೆ. ಒಂದು ಗೆರೆ ಮರೆತದ್ದಕ್ಕೆ ಒಬ್ಬನ ಹಲ್ಲು ಹೋಯಿತು ಎಂದು ಓದಿ ಊಟ ಸೇರಲಿಲ್ಲ. ಮೊಳೆಗೆ ನನ್ನ ಪರವಾಗಿ ಕ್ಷಮೆ ಕೇಳು. ಬರೀ ಬಾಯಿಮಾತಿಗೆ ಬೇಡ, ಕೂರಿಸಿ ಕೇಳು.

ದಿನ ಬಚ್ಚಿಡುವುದನ್ನು ಕೊಂಕಾಗಿ ಬರೆದಿದ್ದೀಯ. ಅದನ್ನು ಕಲಿತದ್ದು ಯಾರಿಗಾಗಿ, ಮರೆತೆಯಾ? ಅಪ್ಪ ಕೆಲಸದಿಂದ ಬಂದವನೇ ಚಪ್ಪಲಿ ಬಿಡುವ ಮೊದಲು "ಹೇಳಿದ್ ಕೆಲಸ ಆಯ್ತಾ?" ಎಂದು ಕೇಳುತ್ತಿದ್ದ. ಆಗಿಲ್ಲವೆಂದರೆ ತೂಗುಗುಂಡಿನ ದಾರ ನಿನ್ನ ಬೆನ್ನಿನ ಮೇಲೆ. ಗುಂಡು ಬಿಚ್ಚಿ ಹೊಡೆದ ದಿನ ಅಪ್ಪನಿಗೆ ಮನಸ್ಸು ಚೆನ್ನಾಗಿದೆ ಎಂದು ಅರ್ಥ. ನೀನೋ, ಒಂದು ದಿನದ ಕೆಲಸಕ್ಕೆ ಮೂರು ದಿನ ತೆಗೆದುಕೊಳ್ಳುವ ಸೋಮಾರಿ. ಅದಕ್ಕೇ ಅಪ್ಪ ಕೆಲಸ ಹೇಳಿದ ಕೂಡಲೇ "ಅದು ನಾಲ್ಕು ದಿನದ ಕೆಲಸ ಅಪ್ಪಾ" ಎಂದು ನಾನೇ ಮುಂದೆ ಬೀಳುತ್ತಿದ್ದೆ. ಅಪ್ಪ ಬೈದು ಒಂದು ದಿನ ಕಡಿಮೆ ಮಾಡುತ್ತಿದ್ದ, ಆದರೂ ಮೂರು ಉಳಿಯುತ್ತಿತ್ತು. ಅಪ್ಪ ಸತ್ತ. ಈಗ ಮುಖ್ಯಸ್ಥರು, ಸಾಹೇಬರು, ಅವರ ಮೇಲಿನವರು ಎಲ್ಲರೂ ಹಾಗೇ ದಿನ ಕತ್ತರಿಸುತ್ತಾರೆ. ಕತ್ತರಿಸುವವರು ಇರುವವರೆಗೆ ನಾನು ಬಟ್ಟೆಯನ್ನು ಉದ್ದವೇ ಹೊಲಿಯುತ್ತೇನೆ.

ನಾನು ಬಚ್ಚಿಡುತ್ತೇನೆ, ನೀನು ಕದಿಯುತ್ತೀಯ. ನಿನ್ನ ಗ್ಯಾಂಗಿಗೆ ಚುರುಕಿನ ಗ್ಯಾಂಗು ಎಂದು ಹೆಸರು ಬಂದದ್ದೂ ಹಾಗೇ. ಇರಲಿ. ಆದರೆ ಯಾರ ಹತ್ತಿರವೂ ಬಾಯಿ ಬಿಡಬೇಡ. ಯಾರ ಕೈಯನ್ನೂ ಮುರಿಯಬೇಡ.

ಹೊಡೆತ ನೋಡಿ ಸಾಕಾದ
ಅಕ್ಕ


೨೦ ಫೆಬ್ರವರಿ

ಅಕ್ಕಾ,

ಮುರಿದೆ. ಬಲಗೈ, ಮಣಿಕಟ್ಟಿನ ಹತ್ತಿರ. ಹಿಂದಿನಿಂದ ಹೊಡೆದೆಯಾ ಎಂದು ಕೇಳಬೇಡ. ನೀರಿನ ಡ್ರಮ್ಮಿನ ಹತ್ತಿರ ಮುಖ ತೊಳೆಯುತ್ತಿದ್ದ, ಕೂಗಿ ತಿರುಗಿಸಿ, ಮುಖ ನೋಡಿಯೇ ಹೊಡೆದೆ. ಕೈಯಲ್ಲಿ ಮರದ ದಪ್ಪ ರೀಪಿನ ತುಂಡು ಇತ್ತು. ಮೂಳೆ ಮುರಿದ ಸದ್ದಿಗೆ ತುಂಡು ಬಿಸಾಕಿದೆ. ಅವನು ಕೂಗಲಿಲ್ಲ. ಮೂರನೇ ದಿನಕ್ಕೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದು ಒಂದೇ ಕೈಯಲ್ಲಿ ಗ್ಯಾಂಗು ನಡೆಸುತ್ತಿದ್ದಾನೆ. ನನ್ನನ್ನು ಕಂಡರೆ ನೆಲಕ್ಕೆ ಉಗಿಯುತ್ತಾನೆ. ಮೊಳೆಗೆ ಖುಷಿಯಾಗಬಹುದು ಅಂದುಕೊಂಡಿದ್ದೆ. ಅವನು ಒಂದು ವಾರ ನನ್ನ ಹತ್ತಿರ ಆ ನಾಲ್ಕು ಮಾತನ್ನೂ ಆಡಲಿಲ್ಲ.

ಅದಿರಲಿ, ಒಳ್ಳೆಯ ಸುದ್ದಿ ಕೇಳು. ನಿನ್ನೆ ಸೈಟ್ ಸಾಹೇಬರು ಎಲ್ಲ ಮೇಸ್ತ್ರಿಗಳನ್ನೂ ತಗಡಿನ ಶೆಡ್ಡಿಗೆ ಕರೆದರು. ನನ್ನ ಕಾಲರಿಗೇ ಕೈ ಹಾಕಿ, "ರೌಡಿತನಕ್ಕೆ ಮುಂದೆ, ಕೆಲಸಕ್ಕೆ ಹಿಂದೆ! ನಿನ್ನ ಗ್ಯಾಂಗ್ ಒದ್ದು ಓಡಿಸಿ ಬೇರೆಯವರನ್ನ ತರ್ತೀನಿ" ಎಂದು ಕೂಗಾಡಿದರು. ಹದಿನಾರು ಜನರ ಅನ್ನದ ಪ್ರಶ್ನೆ ಅಕ್ಕಾ. ನನಗೂ ಪಿತ್ತ ನೆತ್ತಿಗೇರಿತು. "ಸಾಹೇಬ್ರೇ, ಹಾಳೆಯಲ್ಲಿರೋದಕ್ಕಿಂತ ಏಳು ದಿನ ಮುಂಚೆ ಪ್ರತಿ ಮಹಡಿನೂ ಬಿಚ್ಚಿಕೊಟ್ಟೋನು ನಾನು. ನಮ್ಮಕ್ಕನ ಹಾಳೆ ಹೆಂಗೆ ಓದ್ಬೇಕು ಅಂತ ನಿಮಗ್ಯಾರಿಗೂ ಗೊತ್ತಿಲ್ಲ. ಅವಳು ಇಪ್ಪತ್ತೊಂದು ಬರೆದ್ರೆ ಅದರಲ್ಲಿ ಏಳು ಬಚ್ಚಿಟ್ಟಿದ್ದು ಅಂತಲೇ ಲೆಕ್ಕ!" ಎಂದು ಅವರಿಗಿಂತ ಜೋರಾಗಿ ಕೂಗಿದೆ.

ಸಾಹೇಬರ ಕೈ ಕಾಲರಿನಿಂದ ಹೆಗಲಿಗೆ ಬಂತು. ಕೂರಿಸಿ ಟೀ ಕುಡಿಸಿದರು! ಹಾಗಾಗಿ ಗ್ಯಾಂಗು ಉಳಿಯಿತು, ನಿನ್ನ ಪುಣ್ಯ. ಮುಂದಿನ ಸಲ ಬಂದಾಗ ನಿನಗೂ ಕುಡಿಸುತ್ತಾರೆ ನೋಡು.

ಗೆದ್ದು ಬಂದ
ತಮ್ಮ


೨೬ ಫೆಬ್ರವರಿ

ನಿನ್ನ ಸಾಹೇಬ ನಿನಗೆ ಟೀ ಕುಡಿಸಿದ ಮೇಲೆ ನಮ್ಮ ಮುಖ್ಯಸ್ಥನಿಗೆ ಫೋನ್ ಮಾಡಿದ.

ಮುಖ್ಯಸ್ಥ ಕೋಣೆಯಿಂದ ಎದ್ದು ಬಂದು ಹನ್ನೆರಡು ಜನರ ಮುಂದೆ ನನ್ನ ಗೋಡೆಯ ಹಾಳೆಯನ್ನು ಮೇಲಿನಿಂದ ಕೆಳಗಿನವರೆಗೆ ಹರಿದ. "ಎರಡು ವರ್ಷದಿಂದ ಸುಳ್ಳು ಗೆರೆ ಎಳ್ಕೊಂಡು ಕೂತಿದ್ದೀಯಾ?" ಅಂದ. ಉತ್ತರ ಕೊಡಲು ಬಾಯಿ ತೆರೆದೆ. ಗಾಜಿನ ಪೇಪರ್‌ವೇಟ್ ಬಂತು. ಹುಬ್ಬಿನ ಮೇಲೆ ಮೂರು ಹೊಲಿಗೆ. ರಕ್ತ ಕಣ್ಣಿಗಿಳಿದು ಏನೂ ಕಾಣದೆ ಕುರ್ಚಿ ತಡಕಾಡುತ್ತಿದ್ದಾಗ ಆ ಹನ್ನೆರಡು ಜನರಲ್ಲಿ ಒಬ್ಬರೂ ಏಳಲಿಲ್ಲ. ಕೆಲಸದಿಂದ ತೆಗೆದಿಲ್ಲ. ಆರುನೂರ ಹನ್ನೆರಡು ಗೆರೆಗಳನ್ನು ಮತ್ತೆ ಎಳೆಯಲು ಬೇರೆ ಯಾರಿಗೂ ಬರುವುದಿಲ್ಲ, ಅಷ್ಟಕ್ಕೇ.

ಬಾಯಿ ಬಿಡಬೇಡ ಎಂದು ಕೈಮುಗಿದು ಹೇಳಿದ ಹಾಗೆ ಬರೆದಿದ್ದೆ. ನಿನಗಾಗಿ ಹತ್ತು ವರ್ಷದವಳಿದ್ದಾಗಿನಿಂದ ಸುಳ್ಳು ಹೇಳಿದ್ದೇನೆ. ನೀನು ಅದನ್ನು ಒಂದು ಶೆಡ್ಡಿನಲ್ಲಿ ನಿಂತು ಹರಾಜು ಹಾಕಿದೆ, ಸಾಲದ್ದಕ್ಕೆ ನನಗೇ ಒಳ್ಳೆಯ ಸುದ್ದಿ ಎಂದು ಬರೆದೆ.

ನಿನಗೂ ನನಗೂ ಇನ್ನು ಮಾತಿಲ್ಲ. ನಿನ್ನ ನಂಬರ್ ಬ್ಲಾಕ್ ಮಾಡಿದ್ದೇನೆ. ಹಾಳೆ ಪ್ರತಿ ಸೋಮವಾರ ಚೀಲದಲ್ಲಿ ಬರುತ್ತದೆ. ಓದಲು ಬರುತ್ತದಲ್ಲ, ಓದಿಕೊ.

ಯೋಜನಾ ವಿಭಾಗ


೨೭ ಫೆಬ್ರವರಿ
(ಮಡಿಸಿದ ಹಾಳೆಯ ಬೆನ್ನಿಗೆ, ಆಮೇಲೆ ಬರೆದದ್ದು: ಚೀಲಕ್ಕೆ ಹಾಕಲಿಲ್ಲ.)

ಲೋ,

ಕೋಪ ಇಳಿದಿಲ್ಲ. ಆದರೂ ಇದೊಂದನ್ನು ಬರೆಯಲೇಬೇಕು.

ನನ್ನನ್ನು ಕೂರಿಸಿ, ಪಕ್ಕದಲ್ಲಿ ಒಬ್ಬನನ್ನು ಕಾವಲಿಗೆ ನಿಲ್ಲಿಸಿ, ಬಚ್ಚಿಟ್ಟ ದಿನಗಳನ್ನೆಲ್ಲ ಗೆರೆಗೆರೆಯಿಂದ ಕೀಳಿಸಿದರು. ಆರನೇ ಮಹಡಿ ಕೆಳಗಿನ ಐದರ ಹಾಗೆ ಸಣ್ಣ ಸಣ್ಣ ಕೋಣೆಗಳಲ್ಲ. ವೈದ್ಯರ ಪಾಠಕ್ಕೆಂದು ಒಂದೇ ದೊಡ್ಡ ಹಾಲ್, ನಡುವೆ ಒಂದೂ ಕಂಬವಿಲ್ಲ. ಅದರ ಚಾವಣಿಗೆ ನಿಜವಾಗಿಯೇ ಇಪ್ಪತ್ತೊಂದು ದಿನ ಸೆಂಟ್ರಿಂಗ್ ಆಸರೆ ಬೇಕು. ಮೊದಲಾಗಿದ್ದರೆ ಇಪ್ಪತ್ತೆಂಟು ಬರೆಯುತ್ತಿದ್ದೆ. ಈಗ ಹಾಳೆಯಲ್ಲಿ ಇಪ್ಪತ್ತೊಂದು ಎಂದೇ ಇರುತ್ತದೆ. ನೋಡಲು ಹಳೆಯ ಹಾಗೇ ಕಾಣುತ್ತದೆ. ಅದರಲ್ಲಿ ನಿನ್ನ ಏಳು ಇಲ್ಲ. ಕಳೆಯಬೇಡ. ಮತ್ತೆ ಹೇಳುತ್ತೇನೆ, ಕಳೆಯಬೇಡ.

ಇಷ್ಟು ತಿಳಿದರೆ ಸಾಕು. ನಾನು ಮಾತಾಡುತ್ತಿದ್ದೇನೆ ಎಂದು ತಿಳಿಯಬೇಡ.

ಅಕ್ಕ


೧೨ ಮಾರ್ಚ್
(ಲಕೋಟೆಯ ಮೇಲೆ ಅಕ್ಕನ ಕೈಬರಹ: ಒಡೆದದ್ದು ೨೨ ಮಾರ್ಚ್, ಬೆಳಿಗ್ಗೆ ಹನ್ನೊಂದೂವರೆ.)

ಅಕ್ಕಾ, ಅಕ್ಕಮ್ಮಾ, ಮಹಾತಾಯಿ,

ಎಷ್ಟು ದಿನ ಈ ಮೂತಿ? ನಿನ್ನ ಹುಬ್ಬು ಒಡೆದವನ ಕತ್ತು ತಿರುಚಬೇಕೆಂದು ನಿಮ್ಮ ಆಫೀಸಿನ ಗೇಟಿನವರೆಗೂ ಬಂದಿದ್ದೆ. ವ್ಯಾನಿನವನೇ ನನ್ನನ್ನು ಎದೆಗೆ ಅವುಚಿ ಹಿಡಿದು ವಾಪಸ್ ತಂದ. "ಆಮೇಲೆ ನಿಮ್ಮಕ್ಕನ ಗತಿ ಏನಯ್ಯಾ?" ಅಂದ. ಆಗ ಹೊಳೆಯಿತು, ಶೆಡ್ಡಿನಲ್ಲಿ ನಾನು ಮಾಡಿದ್ದೇನು ಎಂದು. ತಪ್ಪಾಯಿತು ಅಕ್ಕಾ. ಬಾಯಿ ಹೊಲಿದುಕೊಳ್ಳಬೇಕಿತ್ತು.

ಎಂಟನೇ ತಾರೀಖು ಆರನೇ ಮಹಡಿಯ ದೊಡ್ಡ ಹಾಲ್‌ನ ಚಾವಣಿಗೆ ಕಾಂಕ್ರೀಟ್ ಬಿತ್ತು. ಹಾಳೆಯಲ್ಲಿ ಇಪ್ಪತ್ತೊಂದು ಎಂದು ನೋಡಿದೆ, ನಗು ಬಂತು. ಅವರು ಎಷ್ಟೇ ಕೀಳಿಸಲಿ, ನೀನು ಬಿಡುವವಳಾ? ಮೊಳೆ ಮಾತ್ರ ಮೇಲೆ ನೋಡಿ, "ಮೇಸ್ತ್ರಿ, ಇದು ಅಗಲ ಜಾಸ್ತಿ ಅಲ್ವಾ?" ಅಂದ. "ಲೋ, ನಮ್ಮಕ್ಕ ಅಗಲ ನೋಡ್ದೆ ಬರೀತಾಳಾ? ಅದರಲ್ಲೂ ಏಳು ನಮ್ಮದೇ" ಅಂದೆ. ಎಲ್ಲರೂ ನಕ್ಕರು. ಏಳನೇ ಮಹಡಿಗೆ ಅದೇ ಆಸರೆ ಕಂಬಗಳು ಬೇಕು. ಸಾಹೇಬರೂ "ನಿನ್ನ ಲೆಕ್ಕದಲ್ಲೇ ಬಿಚ್ಚಯ್ಯಾ" ಅಂದಿದ್ದಾರೆ.

ಇಪ್ಪತ್ತೆರಡಕ್ಕೆ ಬೆಳಿಗ್ಗೆ ಬಿಚ್ಚುತ್ತೇನೆ. ಬೇಡ ಅನ್ನಿಸಿದರೆ ಒಂದು ಸಾಲು ಬರಿ, ನಿಲ್ಲಿಸುತ್ತೇನೆ. ಬರೆಯದಿದ್ದರೆ ಮೌನಂ ಸಮ್ಮತಿ ಲಕ್ಷಣಂ ಅಂದುಕೊಳ್ಳುತ್ತೇನೆ. ಬೈಯುವುದಕ್ಕಾದರೂ ಬರಿ, ಮಾರಾಯ್ತಿ.

ಮುಖ ತೋರಿಸಲು ಧೈರ್ಯವಿಲ್ಲದ
ತಮ್ಮ


೨೫ ಮಾರ್ಚ್

ಅಕ್ಕಾ,

ಮೊಳೆ ಸತ್ತ. ಹಲಗೆ ಹೊರುವ ಅಣ್ಣತಮ್ಮಂದಿರಿಬ್ಬರೂ ಸತ್ತರು. ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿ ಬರೆಯುತ್ತಿದ್ದೇನೆ. ಎಡಗೈ ಎರಡು ಕಡೆ ಮುರಿದಿದೆ, ಅದು ಚಾವಣಿ ಬಿದ್ದದ್ದರಿಂದ ಅಲ್ಲ.

ಹನ್ನೊಂದು ಗಂಟೆಯ ಹೊತ್ತಿಗೆ ನಲವತ್ತು ಆಸರೆ ಕಂಬ ತೆಗೆದಿದ್ದೆವು. ನಾನು ಮೆಟ್ಟಿಲ ಹತ್ತಿರ ನಿಂತು ಎಣಿಸುತ್ತಿದ್ದೆ. ಮೇಲೆ ಕಂಬಿಯವರ ಕಟ್ಟುಗಳನ್ನು ಇಳಿಸಿ ಜೋಡಿಸಿದ್ದರು. ಚಾವಣಿಯೊಳಗೆ ಯಾರೋ ಕೆಮ್ಮಿದ ಹಾಗೆ ಸದ್ದಾಯಿತು. ಮೊಳೆಯ ತಲೆಯ ಮೇಲೆ ಹಿಟ್ಟಿನಂಥ ಧೂಳು ಬಿತ್ತು. ಅವನು ಮೇಲೆ ನೋಡಿದ. ಬಾಯಲ್ಲಿದ್ದ ಮೊಳೆಗಳನ್ನೆಲ್ಲ ಉಗಿದು, "ಓಡ್ರೋ!" ಎಂದು ಕೂಗಿದ. ಅವನು ಕೂಗಿದ್ದನ್ನು ನಾನು ಆರು ವರ್ಷದಲ್ಲಿ ಕೇಳಿದ್ದು ಅದೊಂದೇ ಸಲ. ಹನ್ನೊಂದು ಜನ ಓಡಿ ಬಂದರು. ನಟ್ಟನಡುವೆ ಇದ್ದ ಅಣ್ಣತಮ್ಮಂದಿರಿಗೆ ಕೇಳಿಸಲಿಲ್ಲವೇನೋ, ಅವನು ಅವರ ಕಡೆಗೆ ಓಡಿದ.

ಇಡೀ ನಡುಭಾಗ ಒಂದೇ ತುಂಡಾಗಿ ಇಳಿಯಿತು. ಆಮೇಲೆ ಕಂಬಿಯ ಕಟ್ಟುಗಳು ಇಳಿದವು. ಧೂಳಿನಲ್ಲಿ ತಡಕಾಡಿ ಮೊದಲು ಸಿಕ್ಕಿದ್ದು ಮೊಳೆಯ ತೋಳು. ಎಳೆದೆ. ಸುಲಭವಾಗಿ ಬಂತು. ಎದೆಯ ಕೆಳಗೆ ಅವನು ಬರಲಿಲ್ಲ ಅಕ್ಕಾ. ಮುಖಕ್ಕೆ ಏನೂ ಆಗಿರಲಿಲ್ಲ, ಆ ಎರಡು ಹಲ್ಲಿನ ಸಂದಿ ಹಾಗೇ ಇತ್ತು. ಅಣ್ಣತಮ್ಮಂದಿರಲ್ಲಿ ದೊಡ್ಡವನು ಇನ್ನೂ ಉಸಿರಾಡುತ್ತಿದ್ದ. ಕಂಬಿ ಅವನ ಹೊಟ್ಟೆಯ ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಹೊರಟಿತ್ತು. "ಮೇಸ್ತ್ರಿ, ತಮ್ಮ ಎಲ್ಲಿ?" ಎಂದು ಎರಡು ಸಲ ಕೇಳಿದ.

ಓಡಿ ಬದುಕಿದ ಹನ್ನೊಂದೂ ಜನ ನನ್ನ ಮೇಲೆ ಬಿದ್ದರು. ಸುತ್ತಿಗೆಯ ಹಿಡಿ, ಬೂಟು, ಸಿಕ್ಕಿದ್ದರಲ್ಲಿ ಹೊಡೆದರು. ನನ್ನ ಜನ ಅಕ್ಕಾ. ಬಿಡಿಸಿದ್ದು ಯಾರು ಗೊತ್ತಾ? ಕಂಬಿ ಮೇಸ್ತ್ರಿ. ನಾನು ಮುರಿದ ಆ ಪ್ಲಾಸ್ಟರ್ ಕೈಯನ್ನು ಅಡ್ಡ ಹಿಡಿದು, "ಸಾಕು ಬಿಡ್ರೋ, ಇನ್ನೊಂದು ಹೆಣ ಹೊರೋಕೆ ನಿಮಗೆ ಶಕ್ತಿ ಇದೆಯಾ?" ಅಂದ. ಎಲ್ಲರೂ ಬಿಟ್ಟರು. ಮೊಳೆಯ ಹೆಂಡತಿ ಬಿಡಲಿಲ್ಲ. ಅವಳು ನಮ್ಮ ಸೈಟಿನಲ್ಲೇ ಕಾಂಕ್ರೀಟ್ ಗಟ್ಟಿಯಾಗಲು ಕ್ಯೂರಿಂಗ್ ನೀರು ಬಿಡುವವಳು. ಹದಿನಾಲ್ಕು ದಿನವೂ ಆ ಚಾವಣಿಗೆ ಮೂರು ಹೊತ್ತು ನೀರು ಹಾಯಿಸಿದ್ದವಳು ಅವಳೇ. ಸಲಿಕೆ ಎತ್ತಿ ನನ್ನ ತಲೆಗೆ ಬೀಸಿದಳು. ಕೈ ಅಡ್ಡ ತಂದದ್ದರಿಂದ ತಲೆ ಉಳಿಯಿತು. ಯಾಕೆ ತಂದೆನೋ.

ಒಂದೇ ಒಂದು ಪ್ರಶ್ನೆ. ನಿಜ ಹೇಳು. ಆ ಇಪ್ಪತ್ತೊಂದರಲ್ಲಿ ಎಷ್ಟು ದಿನ ಬಚ್ಚಿಟ್ಟಿದ್ದೆ?

ತಮ್ಮ


೨೮ ಮಾರ್ಚ್

ತಮ್ಮಾ,

ಒಂದೂ ಇಲ್ಲ.

ಇದರ ಜೊತೆಗೆ ಫೆಬ್ರವರಿ ಇಪ್ಪತ್ತೇಳರ ಕಾಗದವನ್ನೂ ಇಟ್ಟಿದ್ದೇನೆ. ಓದು. ಅವತ್ತೇ ಬರೆದಿದ್ದೆ. ಚೀಲ ಹೊರಡುವಾಗ ಅದನ್ನು ಕೈಯಲ್ಲಿ ಹಿಡಿದು ಬಾಗಿಲಲ್ಲೇ ನಿಂತಿದ್ದೆ. ವ್ಯಾನಿನವನು "ಏನಾದ್ರೂ ಇದೆಯಾ ಮೇಡಂ?" ಎಂದು ಕೇಳಿದ. ಹುಬ್ಬಿನ ಹೊಲಿಗೆ ಸಿಡಿಯುತ್ತಿತ್ತು. "ಏನಿಲ್ಲ" ಅಂದೆ. ಮರೆತೆ ಎಂದು ಸುಳ್ಳು ಹೇಳಬಹುದು, ಹೇಳುವುದಿಲ್ಲ. ಒಂದು ಸಲ ಮುಗ್ಗರಿಸಲಿ, ಮುಖಕ್ಕೊಂದು ಏಟು ಬೀಳಲಿ, ಬುದ್ಧಿ ಬರಲಿ ಅಂದುಕೊಂಡೆ. ಚಾವಣಿ ಬಿರುಕು ಬಿಡುತ್ತದೆ, ಎಲ್ಲರ ಮುಂದೆ ಉಗಿಸಿಕೊಳ್ಳುತ್ತಾನೆ, ಇಷ್ಟೇ ನನ್ನ ಕಣ್ಣ ಮುಂದೆ ಇದ್ದದ್ದು. ಅದರ ಕೆಳಗೆ ಹದಿನಾಲ್ಕು ಜನ ನಿಲ್ಲುತ್ತಾರೆ ಎಂಬುದು ನನ್ನ ಹಾಳೆಯಲ್ಲೇ ಬರೆದಿತ್ತು. ಬರೆದವಳೂ ನಾನೇ.

ಹನ್ನೆರಡನೇ ತಾರೀಖಿನ ನಿನ್ನ ಕಾಗದ ಹತ್ತು ದಿನ ಡ್ರಾಯರಿನಲ್ಲಿ ಒಡೆಯದೆ ಬಿದ್ದಿತ್ತು. ಇಪ್ಪತ್ತೆರಡರ ಬೆಳಿಗ್ಗೆ ಕತ್ತರಿ ಹುಡುಕುವಾಗ ಕೈಗೆ ಸಿಕ್ಕಿತು. ಓದಿದೆ. ನಿನಗೆ ಫೋನ್ ಮಾಡಿದೆ, ರಿಂಗಾಗುತ್ತಲೇ ಇತ್ತು. ಚಾವಣಿ ಬಿದ್ದು ಆಗಲೇ ಅರ್ಧ ಗಂಟೆ ಕಳೆದಿತ್ತು ಎಂದು ಆಮೇಲೆ ಗೊತ್ತಾಯಿತು.

ನಿನ್ನೆ ಸತ್ತವರ ಕಡೆಯವರು ಆಫೀಸಿನ ಗಾಜುಗಳನ್ನೆಲ್ಲ ಒಡೆದರು. ಕಾವಲಿನವನ ಕಿವಿ ಹರಿದುಹೋಯಿತು. ಒಂದು ಇಟ್ಟಿಗೆ ನನ್ನ ಗೋಡೆಗೆ ಬಂದು ಬಿತ್ತು, ಇನ್ನೊಂದು ಗೇಣು ಈಚೆ ಬಂದಿದ್ದರೆ ಈ ಕಾಗದ ಇರುತ್ತಿರಲಿಲ್ಲ. ಬರಬಾರದಿತ್ತೇ ಅನ್ನಿಸಿತು. ಮುಖ್ಯಸ್ಥ ಮೇಜಿನ ಕೆಳಗಿನಿಂದ ಎದ್ದು ಬಂದು ಬಹಳ ಮೆತ್ತಗೆ ಮಾತಾಡಿದ. "ನಿಮ್ಮ ಹಾಳೆ ಸರಿಯಾಗೇ ಇದೆಯಲ್ಲಮ್ಮಾ. ಇಪ್ಪತ್ತೊಂದು ಅಂತ ಸ್ಪಷ್ಟವಾಗಿದೆ. ಮೇಸ್ತ್ರಿ ಮೀರಿದ, ಅನುಭವಿಸ್ತಾನೆ. ನೀವ್ಯಾಕೆ ಬಾಯಿ ಬಿಡ್ತೀರಾ?" ಅಂದ. ಅಷ್ಟನ್ನೇ ಹೇಳಿದರೆ ನಾನು ಬಚಾವ್, ನಿನಗೆ ಜೈಲು. ನಿನಗೆ ಬಿಚ್ಚು ಎಂದ ಸಾಹೇಬ ಆಗಲೇ ತಾನೇನೂ ಹೇಳಿಲ್ಲ ಎಂದು ಬರೆದುಕೊಟ್ಟಿದ್ದಾನೆ.

ಐದನೇ ತಾರೀಖು ವಿಚಾರಣೆಯಲ್ಲಿ ನನ್ನ ಸರದಿ. ಎರಡು ಕಾಗದಗಳನ್ನೂ ಮುಂದಿಡುತ್ತೇನೆ, ನಾನು ಹಾಕದ್ದನ್ನೂ, ಒಡೆಯದ್ದನ್ನೂ. ಹಾಕದ್ದನ್ನು ಓದಿ ವಾಪಸ್ ಕಳುಹಿಸು.

ಅಕ್ಕ


೨ ಏಪ್ರಿಲ್

ನಿನ್ನ ಕೋಣೆ ಒಡೆದದ್ದು ನಾನೇ. ಪೊಲೀಸರನ್ನು ಕರೆಯಬೇಡ, ಬೇರೆ ಯಾರೂ ಅಲ್ಲ.

ಆಸ್ಪತ್ರೆಯಿಂದ ನಿನ್ನೆ ಬಿಟ್ಟರು, ಪೊಲೀಸರು ಊರು ಬಿಟ್ಟು ಹೋಗಬೇಡ ಎಂದು ಸಹಿ ಹಾಕಿಸಿಕೊಂಡರು. ಸೀದಾ ಸುತ್ತಿಗೆ ತೆಗೆದುಕೊಂಡು ನಿನ್ನ ಮನೆಗೆ ಬಂದೆ. ನೀನಿದ್ದಿದ್ದರೆ ಹೊಡೆಯುತ್ತಿದ್ದೆ. ಸುಮ್ಮನೆ ಹೇಳುತ್ತಿಲ್ಲ. ದಾರಿಯುದ್ದಕ್ಕೂ ಎಲ್ಲಿ ಹೊಡೆಯಬೇಕೆಂದು ಯೋಚಿಸಿಕೊಂಡೇ ಬಂದೆ. ನೀನಿರಲಿಲ್ಲ. ಮನೆಯ ಓನರಮ್ಮ "ಅಕ್ಕ ಬರ್ತಾಳೆ ಕೂತ್ಕೊಳಪ್ಪ, ಕೈಗೇನಾಯ್ತು?" ಎಂದು ಬೀಗ ತೆಗೆದುಕೊಟ್ಟರು. ಕನ್ನಡಿ, ಮಂಚ, ಸ್ಟೌವು, ನೀನು ಗೆರೆ ಎಳೆಯುವ ಆ ಓರೆ ಮೇಜು, ಒಂದನ್ನೂ ಬಿಡಲಿಲ್ಲ. ಒಂದೇ ಕೈಯಲ್ಲಿ ಹೊಡೆದೆ, ಅದಕ್ಕೇ ಬಹಳ ಹೊತ್ತು ಹಿಡಿಯಿತು. ಓನರಮ್ಮ ಬಾಗಿಲಲ್ಲಿ ನಿಂತು ಅಳುತ್ತಿದ್ದರು. ಅವರ ಹತ್ತಿರ ಕ್ಷಮೆ ಕೇಳು.

ನೀನು ಒಂದು ಸಾಲು ಬರೆಯಬೇಕಿತ್ತು. ಒಂದೇ ಸಾಲು. ಆರುನೂರು ಗೆರೆ ಎಳೆಯುವವಳಿಗೆ ಒಂದು ಸಾಲು ಭಾರವಾಯಿತಾ? ಹಡಬೆ ಎಂದು ಬೈದಾದರೂ ಬರೆಯಬಹುದಿತ್ತು. ಥೂ.

ಆದರೆ ಕೇಳು. ಐದನೇ ತಾರೀಖು ನೀನು ಬಾಯಿ ಬಿಡಕೂಡದು. ನಿನ್ನ ಮೇಲಿನ ಕನಿಕರಕ್ಕಲ್ಲ. ಮೊಳೆ ನನ್ನನ್ನು ಕೇಳಿದ್ದ, "ಅಗಲ ಜಾಸ್ತಿ ಅಲ್ವಾ" ಎಂದು. ಅಗಲ ಕಣ್ಣಿಗೆ ಕಾಣುತ್ತಿತ್ತು ಅಕ್ಕಾ. ಹದಿನೆಂಟು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ, ಅಷ್ಟು ಅಗಲಕ್ಕೆ ಹದಿನಾಲ್ಕು ಸಾಲದು ಎಂದು ನನ್ನ ಒಳಮನಸ್ಸಿಗೆ ಗೊತ್ತಿತ್ತು. ಅವನ ಮುಂದೆ ನಕ್ಕೆ. ನೀನು ಹೋಗಿ ಆ ಕಾಗದ ತೋರಿಸಿದರೆ ಎಲ್ಲರೂ, "ಅಯ್ಯೋ ಪಾಪ, ಇವನಿಗೆ ಗೊತ್ತಿರಲಿಲ್ಲ, ಅಕ್ಕ ಹೇಳ್ಲಿಲ್ಲ" ಅನ್ನುತ್ತಾರೆ. ನನ್ನ ತಪ್ಪು ಅರ್ಧವಾಗುತ್ತದೆ. ನನಗೆ ಅರ್ಧ ಬೇಡ. ಇನ್ನರ್ಧವನ್ನು ನೀನು ಹೊರುವುದೂ ಬೇಡ. ಅಪ್ಪನ ಕಾಲದಿಂದ ಹೊತ್ತದ್ದು ಸಾಕು. ನಾಳೆ ನಾನೇ ಹೋಗಿ ಎಲ್ಲ ಬರೆಸಿ ಒಳಗೆ ಹೋಗುತ್ತೇನೆ. ಹಾಳೆ ಸರಿ ಇತ್ತು, ನಾನು ಮೀರಿದೆ ಎಂದು ಹೇಳುತ್ತೇನೆ.

ನೀನು ಹಾಕದ ಕಾಗದ ಇದರ ಜೊತೆಗಿದೆ. ಸುಟ್ಟುಹಾಕು.

ತಮ್ಮ


೬ ಏಪ್ರಿಲ್

ತಮ್ಮಾ,

ಸುಡಲಿಲ್ಲ. ನಿನ್ನೆ ಎರಡನ್ನೂ ಅಧಿಕಾರಿಯ ಮೇಜಿನ ಮೇಲಿಟ್ಟೆ.

ಉದ್ದನೆಯ ಕೋಣೆ, ಬೆಂಚುಗಳು. ಸೈಟ್ ಸಾಹೇಬ, ನಮ್ಮ ಮುಖ್ಯಸ್ಥ, ನಿನ್ನ ಹನ್ನೊಂದು ಜನ, ಹಿಂದಿನ ಬೆಂಚಿನಲ್ಲಿ ಮೊಳೆಯ ಹೆಂಡತಿ. ನೀನು ಮೂರನೇ ತಾರೀಖು ಬರೆಸಿದ್ದನ್ನು ಓದಿದರು. "ಹಾಳೆ ಸರಿ ಇತ್ತು, ತಪ್ಪೆಲ್ಲ ನನ್ನದು" ಎಂದು. ಮುಖ್ಯಸ್ಥ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದ. ನಾನು ಎದ್ದು ಎಲ್ಲ ಹೇಳಿದೆ. ಬಚ್ಚಿಟ್ಟದ್ದು, ಕೀಳಿಸಿದ್ದು, ಬರೆದದ್ದು, ಹಾಕದೇ ಇದ್ದದ್ದು, ಯಾಕೆ ಹಾಕಲಿಲ್ಲ ಎಂಬುದು. ಮುಖ್ಯಸ್ಥ "ಈಕೆಗೆ ತಲೆಗೆ ಪೆಟ್ಟು ಬಿದ್ದಿದೆ ಸಾರ್" ಅಂದ. ಯಾರು ಹೊಡೆದದ್ದು ಎಂದು ಅಧಿಕಾರಿ ಕೇಳಿದರು. ಅದನ್ನೂ ಹೇಳಿದೆ. ಸಾಹೇಬ ಮತ್ತೆ ತಾನೇನೂ ಹೇಳಿಲ್ಲ ಎಂದಾಗ ಕಂಬಿ ಮೇಸ್ತ್ರಿ ಎದ್ದ. "ಬಿಚ್ಚಯ್ಯಾ ಅಂದಿದ್ದು ನಾನು ಕಿವಿಯಾರೆ ಕೇಳಿದ್ದೀನಿ. ಆ ಮೇಸ್ತ್ರಿನ ಉಳಿಸೋಕೆ ಹೇಳ್ತಿಲ್ಲ, ಅವನು ನನ್ನ ಕೈ ಮುರಿದೋನು" ಅಂದ. ಅದನ್ನೂ ಬರೆದುಕೊಂಡರು.

ಆಮೇಲೆ ಮೊಳೆಯ ಹೆಂಡತಿ ಎದ್ದು ನನ್ನ ಹತ್ತಿರ ಬಂದಳು. ನಾನು ಅವಳನ್ನು ನೋಡಿದ್ದು ಅದೇ ಮೊದಲು. ನನಗಿಂತ ಚಿಕ್ಕವಳು. "ಆ ಹಾಕದ ಕಾಗದ ಎಲ್ಲಿತ್ತು?" ಎಂದು ಕೇಳಿದಳು. "ನನ್ನ ಮೇಜಿನ ಡ್ರಾಯರಲ್ಲಿ" ಅಂದೆ. "ಅಲ್ಲಿಂದ ನಾವಿದ್ದ ಜಾಗಕ್ಕೆ ಎಷ್ಟು ದೂರ?" "ವ್ಯಾನಲ್ಲಿ ನಲವತ್ತು ನಿಮಿಷ." ಅವಳು "ನಲವತ್ತು ನಿಮಿಷ" ಎಂದು ತನ್ನಷ್ಟಕ್ಕೆ ತಾನು ಎರಡು ಸಲ ಹೇಳಿಕೊಂಡಳು. ಆಮೇಲೆ ಹೊಡೆದಳು. ಮೊದಲ ಏಟಿಗೇ ಹುಬ್ಬಿನ ಗಾಯ ಬಿಚ್ಚಿಕೊಂಡಿತು. ಕೂದಲು ಹಿಡಿದು ತಲೆಯನ್ನು ಬೆಂಚಿಗೆ ಗುದ್ದಿದಳು. ಪೊಲೀಸಿನವರು ಎಳೆಯಲು ಬಂದರು. "ಬಿಡಿ, ಅವಳನ್ನ ಬಿಡಿ" ಎಂದು ನಾನೇ ಕೂಗಿದೆ. ಅವರು ಬಿಡಲಿಲ್ಲ. ಎಳೆದುಕೊಂಡು ಹೋಗುವಾಗಲೂ ಅವಳು ನಲವತ್ತು ನಿಮಿಷ, ನಲವತ್ತು ನಿಮಿಷ ಎಂದು ಕಿರುಚುತ್ತಿದ್ದಳು. ಕಾರಿಡಾರಿನ ಕೊನೆಯವರೆಗೂ ಕೇಳಿಸಿತು.

ಸಾಹೇಬನ ಹೆಸರನ್ನೂ ನನ್ನ ಹೆಸರನ್ನೂ ಸೇರಿಸಿದ್ದಾರೆ. ನಾಳೆ ಬೆಳಿಗ್ಗೆ ನನ್ನನ್ನು ಕರೆದೊಯ್ಯುತ್ತಾರೆ. ಒಡೆದ ಕೋಣೆಯ ನೆಲದ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಓನರಮ್ಮ ನಿನ್ನನ್ನು ಬೈಯಲಿಲ್ಲ, ಗಾಜಿನ ಚೂರು ಚುಚ್ಚದ ಹಾಗೆ ನನಗೆ ಒಂದು ಕಂಬಳಿ ಹಾಸಿಕೊಟ್ಟಿದ್ದಾರೆ.

ಅರ್ಧ ಬೇಡ ಎಂದು ನೀನು ಬರೆದಿದ್ದೆ. ಹುಚ್ಚ, ಅರ್ಧ ಯಾರು ಕೊಡುತ್ತಾರೆ? ಹಂಚಿಕೊಂಡರೆ ತಲೆಗೆ ಒಂದೂವರೆ ಹೆಣ ಬರುವುದಿಲ್ಲ ಕಣೋ. ನಿನಗೂ ಮೂರು, ನನಗೂ ಮೂರು.

ನಿನ್ನ ಅಕ್ಕ